ಮಾರಪ್ಪನ ಕಿವಿ

ಪಿ.ಜೆ. ಬಡಾವಣೆಯವರಿಗೆ ಮಾರಪ್ಪನ ಬಗ್ಗೆ ಗೊತ್ತಿದ್ದದ್ದು ಒಂದೇ ಸಂಗತಿ: ಅವನ ಕಿವಿ ಎಲ್ಲರ ಮನೆಯೊಳಗೂ ಇದೆ. ಟೆಲಿಫೋನ್ ಲೈನ್‌ಮನ್ ಅಂದಮೇಲೆ ಕಂಬ ಹತ್ತುತ್ತಾನೆ, ಪೆಟ್ಟಿಗೆ ತೆರೆಯುತ್ತಾನೆ, ಹೆಗಲಿಗೆ ನೇತುಹಾಕಿಕೊಂಡ ಟೆಸ್ಟಿಂಗ್ ಫೋನಿನ ಕ್ಲಿಪ್ಪನ್ನು ಯಾವ ತಂತಿಗೆ ಕಚ್ಚಿಸುತ್ತಾನೋ ಆ ಮನೆಯ ಮಾತು ಅವನಿಗೆ ಕೇಳುತ್ತದೆ. ಅಂಥವನು ಕೇಳದೆ ಬಿಟ್ಟಾನೆಯೇ? ಆ ಜಾಗದಲ್ಲಿ ತಾವಿದ್ದಿದ್ದರೆ ಬಿಡುತ್ತಿರಲಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವನ ಮೇಲೆ ಅಷ್ಟೊಂದು ಗುಮಾನಿ.

ಆದರೆ ಮಾರಪ್ಪ ಕೇಳುತ್ತಿರಲಿಲ್ಲ. ನಂಬಲು ನಿಮಗೂ ಕಷ್ಟವಾಗಬಹುದು, ಆಗಲಿ. ಕುಕ್ಕುವಾಡದಿಂದ ಬಂದು ಇಲಾಖೆಗೆ ಸೇರಿದಾಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಕೆಲಸ ಕಲಿಸಿದ ಹಿರಿಯ ಲೈನ್‌ಮನ್ ಅಲ್ಲಾಬಕ್ಷ್ ಮೊದಲ ದಿನವೇ ಹೇಳಿದ್ದ: "ತಂತಿ ಸರ್ಕಾರದ್ದು, ಮಾತು ಅವರದು. ಕುಂಯ್ ಅಂದ್ರೆ ಲೈನು ಸರಿ ಐತೆ ಅಂತ ಅರ್ಥ. ಮನುಷ್ಯರ ದನಿ ಬಂತಂದ್ರೆ ಕಿವಿಯಿಂದ ತೆಗಿ." ಮಾರಪ್ಪ ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ. ಕ್ಲಿಪ್ಪು ಹಾಕಿದಾಗ ಯಾರಾದರೂ ಮಾತಾಡುತ್ತಿದ್ದರೆ ಫೋನನ್ನು ಪಕ್ಕಕ್ಕೆ ನೇತುಬಿಟ್ಟು ಬೀಡಿ ಹಚ್ಚುತ್ತಿದ್ದ. ಬೀಡಿ ಮುಗಿದ ಮೇಲೆ ಇನ್ನೊಮ್ಮೆ ನೋಡುತ್ತಿದ್ದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದೇ ಒಂದು ಸಲ, ಕಿವಿಯಿಂದ ತೆಗೆಯುವಷ್ಟರಲ್ಲಿ "ಅಪ್ಪ ಹೋಗಿಬಿಟ್ರು" ಎಂಬ ಮಾತು ಒಳಗೆ ಬಿದ್ದುಬಿಟ್ಟಿತ್ತು. ಕಂಬ ಇಳಿದು ಆ ಮನೆಯ ಮುಂದೆ ಹಾದುಹೋಗುವಾಗ ಅಳು ಇನ್ನೂ ಎದ್ದಿರಲಿಲ್ಲ, ಅಡುಗೆಮನೆಯಲ್ಲಿ ಯಾರೋ ಒಗ್ಗರಣೆ ಹಾಕುತ್ತಿದ್ದರು. ತನಗೆ ಸೇರದ ಆ ಸುದ್ದಿಯನ್ನು ಹೊತ್ತುಕೊಂಡು ಬೀದಿಯಲ್ಲಿ ನಿಂತದ್ದು ಅವನಿಗೆ ಎಂಥ ಸಂಕಟವಾಯಿತೆಂದರೆ ಆಮೇಲೆ ಆ ತಪ್ಪು ಮತ್ತೆ ಆಗಲಿಲ್ಲ.

ಈ ಒಂದು ಹೆಮ್ಮೆ ಬಿಟ್ಟರೆ ಅವನ ಹತ್ತಿರ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಎರಡು ಕೋಣೆಯ ಬಾಡಿಗೆ ಮನೆ, ಬಾಯಿ ಜೋರಿನ ಹೆಂಡತಿ ಹನುಮಕ್ಕ, ಒಂದು ಸೈಕಲ್ಲು. ಆ ವರ್ಷ, ಅಂದರೆ ತೊಂಬತ್ತೆಂಟರಲ್ಲಿ, ಬಡ್ತಿಯ ಪಟ್ಟಿಯಲ್ಲಿ ಅವನ ಹೆಸರು ಬಂದಿತ್ತು. ಸರ್ವೀಸ್ ಪುಸ್ತಕದಲ್ಲಿ ಒಂದು ಕಪ್ಪುಚುಕ್ಕೆ ಬೀಳದಿದ್ದರೆ ಮುಂದಿನ ಯುಗಾದಿಯ ಹೊತ್ತಿಗೆ ಮೆಕ್ಯಾನಿಕ್ ಆಗುತ್ತಿದ್ದ. ಚುಕ್ಕೆ ಬಿತ್ತು. ಅದನ್ನು ಇಟ್ಟವನು ಶಿವಮೂರ್ತಪ್ಪ ಎಂಬ ಸಾಹುಕಾರ.

ಶಿವಮೂರ್ತಪ್ಪನದು ಮಾರ್ಕೆಟ್ ಯಾರ್ಡಿನಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ. ಅವನ ತಮ್ಮ ಕೊಟ್ಟೂರೇಶನದೂ ಅದೇ ಯಾರ್ಡಿನಲ್ಲಿ ಅದೇ ವ್ಯಾಪಾರ. ಆರು ವರ್ಷದ ಹಿಂದೆ ಪಾಲಾದಾಗ ಮನೆಯ ನಡುಮನೆಗೇ ಅಡ್ಡಗೋಡೆ ಕಟ್ಟಿಕೊಂಡವರು ಇವರು. ಅಂದಿನಿಂದ ಅಣ್ಣ ಬಾಗಿಲಿಗೆ ತೇಗ ಹಾಕಿಸಿದರೆ ತಮ್ಮನೂ ತೇಗ ಹಾಕಿಸಬೇಕು, ತಮ್ಮ ಫ್ರಿಜ್ಜು ತಂದರೆ ಅಣ್ಣನೂ ಅದೇ ಬಣ್ಣದ್ದು ತರಬೇಕು. ಒಬ್ಬನ ಮುಖ ಇನ್ನೊಬ್ಬನಿಗೆ ಆಗುತ್ತಿರಲಿಲ್ಲ, ಆದರೆ ಒಬ್ಬನ ಮನೆಯಲ್ಲಿದ್ದದ್ದು ಇನ್ನೊಬ್ಬನ ಮನೆಯಲ್ಲಿ ಇಲ್ಲದಿದ್ದರೆ ನಿದ್ದೆ ಹತ್ತುತ್ತಿರಲಿಲ್ಲ. ಇಂಥ ಹೊಟ್ಟೆಕಿಚ್ಚಿನ ಜನದ ಕೈಗೆ ತಂತಿ ಇಲ್ಲದ ಫೋನು ಸಿಕ್ಕಿತು.

ಬಸ್‌ಸ್ಟ್ಯಾಂಡಿನ ಹತ್ತಿರ ಫಾರಿನ್ ಸಾಮಾನು ಮಾರುತ್ತಿದ್ದ ಮಸ್ತಾನಸಾಬ್ ಬೊಂಬಾಯಿಯಿಂದ ಎರಡು ಕಾರ್ಡ್‌ಲೆಸ್ ಫೋನು ತಂದಿದ್ದ. ಲೈಸೆನ್ಸು ಗೀಸೆನ್ಸು ಇಲ್ಲದ ಮಾಲು. ಕಂಪೌಂಡಿನಲ್ಲಿ ಓಡಾಡುತ್ತ ಮಾತಾಡಬಹುದಾದ ಈ ಚಮತ್ಕಾರವನ್ನು ಮೊದಲು ಶಿವಮೂರ್ತಪ್ಪ ಕೊಂಡ. ಅವನು ಜಗಲಿಯ ಮೇಲೆ ಅಡ್ಡಾಡುತ್ತ ಮಾತಾಡಿದ್ದನ್ನು ತಮ್ಮನ ಹೆಂಡತಿ ಅನ್ನಪೂರ್ಣಮ್ಮ ಕಿಟಕಿಯಿಂದ ನೋಡಿದಳು. ನಾಲ್ಕನೆಯ ದಿನಕ್ಕೆ ಅದರ ಜೋಡಿ ಕೊಟ್ಟೂರೇಶನ ಮನೆಗೆ ಬಂತು. ಅದೇ ಕಂಪನಿ, ಅದೇ ಮಾಡೆಲ್ಲು, ಅದೇ ಪೆಟ್ಟಿಗೆ.

ಮಾರಪ್ಪನಿಗೆ ಇದಾವುದೂ ತಿಳಿಯಲಿಲ್ಲ. ತಿಳಿಯುವುದು ಹೇಗೆ? ಇಪ್ಪತ್ತೆರಡು ವರ್ಷದಲ್ಲಿ ಆ ಎರಡೂ ಮನೆಯವರು ಅವನನ್ನು ಹೊಸಲು ದಾಟಿಸಿರಲಿಲ್ಲ. ಫೋನು ಕೆಟ್ಟರೆ ಉದ್ದನೆಯ ವಯರಿನ ಸಮೇತ ಅದನ್ನೇ ಹೊರಗೆ ಜಗಲಿಗೆ ತಂದಿಡುತ್ತಿದ್ದರು, ಇವನು ಕೆಳಗೆ ಕೂತು ಬಿಚ್ಚುತ್ತಿದ್ದ. ಕಾರ್ಡ್‌ಲೆಸ್ಸು ಬಂದ ಮೇಲೂ ಅವನೆದುರಿಗೆ ಬರುತ್ತಿದ್ದದ್ದು ಅದೇ ಹಳೆಯ ಕಪ್ಪು ಫೋನು.

ಆಮೇಲೆ ನೋಡಿ ಸುರುವಾಯಿತು. ಶಿವಮೂರ್ತಪ್ಪ ಫೋನಿನಲ್ಲಿ ಒಂದು ಲಾಟಿಗೆ ದರ ಹೇಳಿದರೆ ಅರ್ಧ ಗಂಟೆಯಲ್ಲಿ ಕೊಟ್ಟೂರೇಶ ಅದಕ್ಕಿಂತ ಒಂಚೂರು ಮೇಲೆ ಹೇಳಿ ಮಾಲು ಎತ್ತುತ್ತಿದ್ದ. ಕೊಟ್ಟೂರೇಶ ಬಿಳಿ ಕಾರು ಬುಕ್ ಮಾಡುವ ಮಾತಾಡಿದರೆ ಅವನದು ಬರುವ ಮೊದಲೇ ಶಿವಮೂರ್ತಪ್ಪನ ಬಾಗಿಲಲ್ಲಿ ಬಿಳಿ ಕಾರು ನಿಂತಿರುತ್ತಿತ್ತು. ಕೊನೆಗೆ ಶಿವಮೂರ್ತಪ್ಪನ ಮಗಳು ಕೃತಿಕಾಳನ್ನು ನೋಡಲು ಹರಿಹರದಿಂದ ಗಂಡಿನ ಕಡೆಯವರು ಬರುವ ದಿನ ದೊಡ್ಡ ಅನಾಹುತವೇ ಆಯಿತು. ಬರುವ ಹೊತ್ತು ಗೊತ್ತಾದದ್ದು ಫೋನಿನಲ್ಲಿ, ಮನೆಯವರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಆದರೂ ಬೀಗರ ಕಾರು ಬರುವಷ್ಟರಲ್ಲಿ ಕೊಟ್ಟೂರೇಶ ಶಲ್ಯ ಹೊದ್ದು ಬೀದಿಯಲ್ಲಿ ನಿಂತಿದ್ದ. "ಬರ್ರಿ, ಬರ್ರಿ, ನಾನು ಹುಡುಗಿ ಕಾಕಾ, ಮೊದಲು ನಮ್ಮನೇಲಿ ಕೂಡ್ರಿ" ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಶ್ಯಾವಿಗೆ ಪಾಯಸದ ಊಟವನ್ನೇ ಹಾಕಿಬಿಟ್ಟ. ಗೋಡೆಯ ಈಚೆ ಶಿವಮೂರ್ತಪ್ಪನ ಮನೆಯ ಹೋಳಿಗೆ ಆರಿಹೋಯಿತು. ಬೀಗರು ತೇಗುತ್ತ ಬಂದು ಒಂದು ಲೋಟ ಕಾಫಿ ಕುಡಿದು ಎದ್ದರು.

ಮಾರನೆಯ ದಿನ ಶಿವಮೂರ್ತಪ್ಪ ಟೆಲಿಫೋನ್ ಆಫೀಸಿಗೆ ಲೆಟರ್‌ಹೆಡ್ಡಿನ ಮೇಲೆ ದೂರು ಬರೆದುಕೊಟ್ಟ. ಲೈನ್‌ಮನ್ ಮಾರಪ್ಪ ಎಂಬುವವನು ಕಂಬದ ಮೇಲೆ ಕೂತು ತಮ್ಮ ಸಂಭಾಷಣೆಯನ್ನು ಕದ್ದು ಕೇಳಿ ತಮ್ಮ ವಿರೋಧಿಗಳಿಗೆ ಮಾರುತ್ತಿದ್ದಾನೆ ಎಂದು.

ಮಾರಪ್ಪನ ಕೈಗೆ ಮೆಮೋ ಬಂತು. ಹದಿನೈದು ದಿನದಲ್ಲಿ ವಿವರಣೆ ಕೊಡಬೇಕು, ಆರೋಪ ಸಾಬೀತಾದರೆ ನೌಕರಿಯೇ ಹೋಗುತ್ತದೆ. ಆ ಕಾಗದ ಓದಿದಾಗ ಅವನಿಗೆ ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. ಮೈಯೆಲ್ಲ ಉರಿದುಹೋಯಿತು. ಕಳ್ಳತನ ಅಂದಿದ್ದರೂ ತಡೆದುಕೊಳ್ಳುತ್ತಿದ್ದ, ಕುಡಿದು ಬಂದ ಅಂದಿದ್ದರೂ ತಡೆದುಕೊಳ್ಳುತ್ತಿದ್ದ. ಜೀವಮಾನದಲ್ಲಿ ಯಾವ ಒಂದನ್ನು ಮಾಡಲಿಲ್ಲವೋ ಅದನ್ನೇ ಹುಡುಕಿ ಅವನ ಹಣೆಗೆ ಹಚ್ಚಿದ್ದರು.

ಸುದ್ದಿ ಬಡಾವಣೆಯ ತುಂಬ ಹಬ್ಬಿತು. ಅವನು ಸೈಕಲ್ಲಿನಲ್ಲಿ ಬಂದರೆ ಕಟ್ಟೆಯ ಮೇಲೆ ಕೂತವರು ಮಾತು ನಿಲ್ಲಿಸುತ್ತಿದ್ದರು. ಚಹಾದ ಅಂಗಡಿಯಲ್ಲಿ ಒಬ್ಬ ಎಲ್ಲರಿಗೂ ಕೇಳುವಂತೆ, "ಏನಪ ಮಾರಪ್ಪ, ನಮ್ಮನೇಲಿ ಇವತ್ತು ಏನ್ ಸಾರು?" ಅಂದ. ಮಿಕ್ಕವರು ನಕ್ಕರು. ಡಾಕ್ಟರೊಬ್ಬರ ಹೆಂಡತಿ ಅವನನ್ನು ಗೇಟಿನಲ್ಲೇ ನಿಲ್ಲಿಸಿ, ತಾನು ತವರಿಗೆ ಫೋನು ಮಾಡಿ ಅತ್ತದ್ದು ಅತ್ತೆಗೆ ಹೇಗೆ ತಿಳಿಯಿತೆಂದು ಈಗ ಅರ್ಥವಾಯಿತು ಅಂದಳು. ಆಕೆಯ ಅತ್ತೆ ಪಕ್ಕದ ಕೋಣೆಯಲ್ಲೇ ಮಲಗುತ್ತಿದ್ದಳು ಎಂಬುದು ಆಕೆಗೆ ಹೊಳೆಯಲಿಲ್ಲ.

ನಲ್ಲಿಯ ಹತ್ತಿರ ಹನುಮಕ್ಕನಿಗೆ ಬೇರೆ ಥರದ ಕಾಟ. ಹೆಂಗಸರು ಬಿಂದಿಗೆ ಬದಿಗಿಟ್ಟು, ಯಾರ ಮನೆಯ ಸುದ್ದಿ ಏನೇನಿದೆ ಹೇಳೆಂದು ಮೈಮೇಲೆ ಬೀಳುತ್ತಿದ್ದರು. ಅವಳು ಮನೆಗೆ ಬಂದು ಗಂಡನ ಮೇಲೆ ಹರಿಹಾಯ್ದಳು.

"ಕೇಳ್ದೋನು ಅಂತ ಹೆಸ್ರಂತೂ ಬಂತು. ಖರೇವಾಗ್ಲೂ ಕೇಳಿದ್ರೆ ಎರಡು ಕಾಸಾದ್ರೂ ಬರ್ತಿತ್ತು. ನಿನ್ನ ನಿಯತ್ತು ಕಟ್ಕಂಡು ನಂಗೇನಾತು?"

"ನಿಂಗೂ ನಂಬ್ಕಿ ಇಲ್ಲೇನು?"

"ನಂಗೆ ನಂಬ್ಕಿ ಇದ್ರೆ ನಿನ್ನ ನೌಕ್ರಿ ಉಳೀತೈತೇನು?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆ ರಾತ್ರಿಯ ಊಟ ಇಬ್ಬರೂ ಗೋಡೆ ನೋಡುತ್ತ ಮುಗಿಸಿದರು.

ಮೆಮೋ ಬಂದ ಮೇಲೆ ಎರಡನೆಯ ಸೋಮವಾರ ಕೊಟ್ಟೂರೇಶನ ಮನೆಯಿಂದ ಆಫೀಸಿಗೆ ಕಂಪ್ಲೇಂಟು ಬಂತು, ಫೋನಿನಲ್ಲಿ ಖರಖರ ಸದ್ದೆಂದು. ಎರಡೂ ಮನೆಯ ತಂತಿಗಳು ಕಂಬದಿಂದ ಇಳಿದು ಮುಂಗಡೆಯ ಕಂಪೌಂಡ್ ಗೋಡೆಯ ಮೇಲಿನ ಒಂದು ಸಣ್ಣ ಪೆಟ್ಟಿಗೆಗೆ ಬರುತ್ತಿದ್ದವು. ಮಾರಪ್ಪ ಪೆಟ್ಟಿಗೆ ತೆರೆದು ಕೊಟ್ಟೂರೇಶನ ತಂತಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದ. ವಯರು ಪೂರ್ತಿ ಹಾಳಾಗಿತ್ತು, ಸ್ಟೋರಿನಿಂದ ಹೊಸದು ಬರುವತನಕ ಲೈನು ಸತ್ತಂತೆಯೇ. ಅದನ್ನು ಹೇಳಲೆಂದು ತಲೆಯೆತ್ತಿದ.

ಜಗಲಿಯಲ್ಲಿ ಅನ್ನಪೂರ್ಣಮ್ಮ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಹೆಗಲಿಗೂ ಕಿವಿಗೂ ನಡುವೆ ಕೊಂಬಿನಂಥ ಏರಿಯಲ್ ಇದ್ದ, ತಂತಿಯಿಲ್ಲದ ಒಂದು ಫೋನು ಸಿಕ್ಕಿಸಿಕೊಂಡಿದ್ದಳು. ಬಾಯಿ ಬಿಡುತ್ತಿರಲಿಲ್ಲ. ಹೂಂ ಇಲ್ಲ, ಹಾಂ ಇಲ್ಲ. ಮಾರಪ್ಪ ತನ್ನ ಕೈಯಲ್ಲಿದ್ದ ತಂತಿಯ ತುದಿ ನೋಡಿದ, ಮತ್ತೆ ಆಕೆಯನ್ನು ನೋಡಿದ. ಆಕೆಯ ಮನೆಯ ಲೈನು ಅವನ ಕೈಯಲ್ಲಿತ್ತು. ಆಕೆ ಏನು ಕೇಳುತ್ತಿದ್ದಾಳೆ?

ಅಷ್ಟರಲ್ಲಿ ಪಕ್ಕದ ಮನೆಯ ಕಿಟಕಿಯೊಳಗಿಂದ ಶಿವಮೂರ್ತಪ್ಪ ಫೋನಿನಲ್ಲಿ ಯಾರಿಗೋ ಬೈದದ್ದು ಬೀದಿಗೇ ಕೇಳಿತು. ಅದೇ ಗಳಿಗೆಗೆ ಅನ್ನಪೂರ್ಣಮ್ಮ ಕಿವಿಯನ್ನು ಫೋನಿನಿಂದ ಒಂದಿಷ್ಟು ದೂರ ಸರಿಸಿ ನಕ್ಕಳು.

"ಅಮ್ಮಾರೇ, ಫೋನು ಸರಿ ಐತೇನ್ರಿ?" ಮಾರಪ್ಪ ಕೂಗಿದ.

ಆಕೆ ಬೆಚ್ಚಿದಳು. ಒಂದು ಹಿಡಿ ಅಕ್ಕಿ ನೆಲಕ್ಕೆ ಚೆಲ್ಲಿತು. "ಎಲ್ಲೀ ಸರಿ. ಸತ್ತೋಗೈತೆ."

"ಮತ್ತೆ ಕಿವಿಗೆ ಇಟ್ಕಂಡೀರಿ."

"ಕಿವಿ ನೋವು ಕಣಪ್ಪ. ತಣ್ಣಗೈತೆ ಅಂತ ಇಟ್ಕಂಡೀನಿ."

ಮಾರಪ್ಪನಿಗೆ ಅಷ್ಟು ಸಾಕಾಯಿತು. ಅಂಥ ಫೋನು ಊರಿನಲ್ಲಿ ಸಿಗುವುದು ಒಂದೇ ಕಡೆ, ಸೈಕಲ್ಲು ಹತ್ತಿ ನೇರ ಮಸ್ತಾನಸಾಬನ ಅಂಗಡಿಗೆ ಹೋದ. ಅಂಥ ಸೆಟ್ಟು ಯಾರ್ಯಾರಿಗೆ ಮಾರಿದೆ ಎಂದು ಕೇಳಿದರೆ ಮಸ್ತಾನಸಾಬ್ ಮುಚ್ಚುಮರೆಯಿಲ್ಲದೆ ಹೇಳಿದ. ಅಷ್ಟೇ ಅಲ್ಲ, ಅಣ್ಣತಮ್ಮಂದಿರಿಬ್ಬರೂ ಬೇರೆ ಬೇರೆ ಬಂದು ಗುಟ್ಟಾಗಿ ಅವನ ಬೆನ್ನು ತಟ್ಟಿ ಹೋಗಿದ್ದರಂತೆ. "ಸಾಬ್ರೆ, ನೀವು ಕೊಟ್ಟ ಮಾಲು ಭಾರಿ ಪವರ್‌ಫುಲ್ಲು, ಗೋಡೆ ಆಚೆ ಮಾತೂ ಹಿಡೀತೈತೆ, ಯಾರಿಗೂ ಹೇಳ್ಬ್ಯಾಡ್ರಿ" ಎಂದು.

ಅವರ ಬುದ್ಧಿ ಎಂಥದ್ದು ನೋಡಿ. ಎರಡೂ ಫೋನು ಒಂದೇ ಅಚ್ಚಿನವು, ಎರಡರ ದನಿಯೂ ಗಾಳಿಯಲ್ಲಿ ಒಂದೇ ದಾರಿ ಹಿಡಿದು ಹೋಗುತ್ತಿತ್ತು. ಇದರಲ್ಲಿ ಅದು ಕೇಳಿದರೆ ಅದರಲ್ಲಿ ಇದೂ ಕೇಳಲೇಬೇಕು. ಆದರೆ ತನ್ನದೇ ಒಂದು ಹೆಚ್ಚಿನ ಫೋನು, ತಾನೇ ಜಾಣ, ಆಚೆ ಮನೆಯ ದಡ್ಡನಿಗೆ ಇದು ಗೊತ್ತಿಲ್ಲ ಎಂದು ಇಬ್ಬರೂ ಬೀಗಿದರು. ಅಣ್ಣ ತಮ್ಮನ ಮಾತು ಕೇಳುತ್ತ ಕೂತ, ತಮ್ಮ ಅಣ್ಣನ ಮಾತು ಕೇಳುತ್ತ ಕೂತ. ತನ್ನ ಗುಟ್ಟು ಹೊರಗೆ ಬಿದ್ದಾಗ ಮಾತ್ರ ಇಬ್ಬರ ಬೆರಳೂ ಕಂಬದ ಕಡೆ ತಿರುಗಿತು.

ಬುಧವಾರ ಸ್ಥಳ ಪರಿಶೀಲನೆಗೆ ಇಂಜಿನಿಯರ್ ಪಂಚಾಕ್ಷರಪ್ಪ ಸಾಹೇಬರು ಬಂದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಸುಸ್ತಾದ ಮುಖ. ಹೊಸ ವಯರು ಇನ್ನೂ ಬಂದಿರಲಿಲ್ಲ. ಹನ್ನೊಂದು ಗಂಟೆಗೆ ಶಿವಮೂರ್ತಪ್ಪ ಹರಿಹರದ ತನ್ನ ವ್ಯಾಪಾರದ ಗೆಳೆಯನಿಗೆ ಫೋನು ಮಾಡುವುದು ನಿತ್ಯದ ರೂಢಿ, ಕಿಟಕಿಯ ಕೆಳಗೆ ಹಾದುಹೋಗುವ ತರಕಾರಿಯವಳಿಗೂ ಅದು ಗೊತ್ತಿತ್ತು. ಮಾರಪ್ಪ ಸಾಹೇಬರನ್ನು ಐದು ನಿಮಿಷ ಮೊದಲೇ ಕೊಟ್ಟೂರೇಶನ ಮನೆಗೆ ಕರೆತಂದ. ಕೊಟ್ಟೂರೇಶ ಯಾರ್ಡಿಗೆ ಹೋಗಿದ್ದ. ಅನ್ನಪೂರ್ಣಮ್ಮ ಸಾಹೇಬರನ್ನು ಸೋಫಾದ ಮೇಲೆ ಕೂರಿಸಿ ಕಾಫಿ ಮಾಡಲು ಒಳಗೆ ಹೋದಳು. ಮಾರಪ್ಪ ಹೊಸಲಿನಾಚೆ ನಿಂತ.

"ಸಾಹೇಬ್ರೇ, ಈ ಮನಿ ಲೈನು ನಾನು ಬಿಚ್ಚಿ ಎರಡು ದಿನ ಆತು. ತುದಿ ಅಲ್ಲಿ ನೇತಾಡ್ತೈತೆ, ನೀವೇ ನೋಡೀರಿ. ಈಗ ಆ ಟೀಪಾಯಿ ಮೇಲಿನ ಫೋನು ಕಿವಿಗಿಟ್ಟು ಗುಂಡಿ ಒತ್ರಿ."

"ಯಾಕೋ?"

"ಒತ್ರಿ ಸಾಹೇಬ್ರೇ. ನಾನು ಅದನ್ನ ಮುಟ್ಟಾಂಗಿಲ್ಲ."

ಪಂಚಾಕ್ಷರಪ್ಪ ಒತ್ತಿದರು. ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಆ ಗಂಟು ಬಿಚ್ಚಿತು. ಒಂದು ನಿಮಿಷ, ಎರಡು ನಿಮಿಷ, ಅವರು ಫೋನು ಕೆಳಗಿಡಲಿಲ್ಲ. ಮಾರಪ್ಪ ಹೊಸಲಿನಾಚೆ ನಿಂತು ಅವರ ಮುಖವನ್ನೇ ನೋಡುತ್ತಿದ್ದ. ಕಾಫಿ ಲೋಟ ಹಿಡಿದು ಬಂದ ಅನ್ನಪೂರ್ಣಮ್ಮ ಅಲ್ಲೇ ಕಂಬವಾದಳು.

ಬೀದಿಗೆ ಬಂದ ಮೇಲೆ ಸಾಹೇಬರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. "ನಿನ್ನ ಬಗ್ಗೇನೇ ಮಾತಾಡ್ತಿದ್ನಲ್ಲೋ ಆ ಮನುಷ್ಯ."

ಮಾರಪ್ಪನಿಗೆ ಕೇಳಲು ಇಷ್ಟವಿರಲಿಲ್ಲ, ಆದರೆ ಬಾಯಿ ತಡೆಯಲಿಲ್ಲ. "ಏನಂದ್ರು?"

"ಮಾರಪ್ಪ ಕೇಳ್ಯಾನೋ ಬಿಟ್ಟಾನೋ ಆ ದೇವರಿಗೇ ಗೊತ್ತು ಅಂದ. ಬೀಗರ ಮುಂದೆ ಮಾನ ಹೋತು, ಯಾರನ್ನಾರ ಹಿಡೀಬೇಕಿತ್ತು, ಹಿಡದೆ ಅಂದ. ಅವನ ಹಿಂದೆ ಯಾರು ಅದಾರೆ, ಕೇಳೋರು ಅಂತ ನಕ್ಕ."

ಮಾರಪ್ಪನ ಕಣ್ಣು ತುಂಬಿತು. ಅದು ದುಃಖವಲ್ಲ, ಶುದ್ಧ ಕೋಪ. ಗೋಡೆ ಹಾರಿ ಹೋಗಿ ಆ ಕುತ್ತಿಗೆ ಹಿಡಿಯಬೇಕು ಅನ್ನಿಸಿತು. ಕೈಯಲ್ಲಿದ್ದ ಇಕ್ಕಳವನ್ನು ಚೀಲಕ್ಕೆ ಹಾಕಿಕೊಂಡು, "ಹಂಗಾರೆ ಬರೀರಿ ಸಾಹೇಬ್ರೇ. ನೀವೇ ಕಿವಿಯಾರೆ ಕೇಳೀರಿ" ಅಂದ.

"ಏನಂತ ಬರೀಲಿ? ಗ್ರಾಹಕರ ಮಾತನ್ನ ನಾನು ಪಕ್ಕದ ಮನೇಲಿ ಕೂತು ಕದ್ದು ಕೇಳಿದೆ ಅಂತ ಬರೀಲೇನು?"

"ಆ ಫೋನು ಒಂದೇ ಥರದ್ದು ಅಂತ ಬರೀರಿ."

"ಬರದ್ರೆ ಲೈಸೆನ್ಸ್ ಇಲ್ಲದ ಎರಡು ಸೆಟ್ಟು ಜಪ್ತಿ ಮಾಡ್ಬೇಕು. ಇಬ್ಬರು ಸಾವ್ಕಾರ್ರ ಮನಿ. ನಂಗೆ ರಿಟೈರ್‌ಮೆಂಟಿಗೆ ಎಂಟು ವಾರ ಐತೆ ಮಾರಪ್ಪ." ಅವರು ಜೀಪು ಹತ್ತುವಾಗ ಅವನ ಮುಖ ನೋಡಲಿಲ್ಲ.

ಹತ್ತು ದಿನಕ್ಕೆ ಆರ್ಡರ್ ಬಂತು. ಆರೋಪ ಸಾಬೀತಾಗಿಲ್ಲ, ಆದರೆ ತಳ್ಳಿಹಾಕುವಂತೆಯೂ ಇಲ್ಲ. ಸಾರ್ವಜನಿಕರ ಹಿತದೃಷ್ಟಿಯಿಂದ ಲೈನ್‌ಮನ್ ಮಾರಪ್ಪನನ್ನು ಹರಿಹರಕ್ಕೆ ವರ್ಗಾಯಿಸಲಾಗಿದೆ. ಬಡ್ತಿ ಪಟ್ಟಿಯಲ್ಲಿ ಹೆಸರು ತಡೆಹಿಡಿಯಲಾಗಿದೆ. ಎರಡು ಕಿವಿಯಿದ್ದ ಒಬ್ಬ ಅಧಿಕಾರಿ ಬರೆದ ಕಾಗದ ಇದು.

ಹರಿಹರಕ್ಕೆ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಬೇಕು, ಸಂಜೆ ನಿಂತುಕೊಂಡೇ ವಾಪಸ್ಸು. ಅವನಿಗಿಂತ ಮೊದಲು ಅವನ ಹೆಸರು ಹೊಳೆ ದಂಡೆ ಮುಟ್ಟಿತ್ತು, ಫೋನಿನಲ್ಲೇ ಬಂದಿರಬೇಕು. ಮೊದಲ ವಾರದಲ್ಲೇ ಒಬ್ಬ ಅಕ್ಕಿ ಗಿರಣಿಯವನು ಬದಿಗೆ ಕರೆದು, ಪಾಲುದಾರನ ಲೈನು ಸ್ವಲ್ಪ ನೋಡಿಕೋ ಅಂದ. ಮಾರಪ್ಪ ಅವನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಆಮೇಲೆ ಯಾರೂ ಕೇಳಲಿಲ್ಲ, ಮಾತಾಡಿಸಲೂ ಇಲ್ಲ. ಮನೆಯಲ್ಲಿ ಹನುಮಕ್ಕ ದಿನಾ ಬುತ್ತಿ ಕಟ್ಟುವಾಗ, "ಕೇಳದಿದ್ದವರಿಗೆ ಇಷ್ಟು ದೂರ ಅಂದ್ರೆ ಕೇಳ್ದೋರನ್ನ ಎಲ್ಲಿಗೆ ಹಾಕ್ತಾರೋ" ಎಂದು ಬುತ್ತಿಯ ಗಂಟಿಗೆ ಹೇಳುತ್ತಿದ್ದಳು.

ಇತ್ತ ಅನ್ನಪೂರ್ಣಮ್ಮ ಗಂಡನಿಗೆ ನಡೆದದ್ದನ್ನೆಲ್ಲ ಹೇಳಿದ್ದಳು. ಇದರಲ್ಲಿ ಅದು ಕೇಳಿದರೆ ಅದರಲ್ಲಿ ಇದೂ ಕೇಳುತ್ತದೆ ಎಂದು ಕೊಟ್ಟೂರೇಶನ ತಲೆಗೆ ಆಗ ಹೊಕ್ಕಿತು. ಅಷ್ಟು ದಿನ ತಾನು ಆಡಿದ್ದನ್ನೆಲ್ಲ ನೆನೆಸಿಕೊಂಡು ಬೆವತುಹೋದ. ಸೆಟ್ಟನ್ನು ಮಸ್ತಾನಸಾಬನಿಗೆ ವಾಪಸ್ಸು ಕೊಟ್ಟು ಬೇರೆ ಕಂಪನಿಯದು ಒಯ್ದ. ಅಣ್ಣನಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಇದನ್ನೆಲ್ಲ ಮಾರಪ್ಪನಿಗೆ ತಿಳಿಸಿದ್ದು ಮಸ್ತಾನಸಾಬನೇ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ, ಹೊಟ್ಟೆ ಹಿಡಿದುಕೊಂಡು ನಗುತ್ತ. ಮಾರಪ್ಪನಿಗೆ ನಗು ಬರಲಿಲ್ಲ.

ದೀಪಾವಳಿ ಕಳೆದು ಎರಡು ವಾರಕ್ಕೆ, ಹರಿಹರದ ಸೇತುವೆಯ ಹತ್ತಿರ ಅವನು ಒಂದು ಕಂಬದಿಂದ ಇಳಿಯುತ್ತಿದ್ದಾಗ ಕೆಳಗೆ ಬಿಳಿ ಕಾರು ನಿಂತಿತ್ತು. ಶಿವಮೂರ್ತಪ್ಪ ಒಬ್ಬನೇ ಬಂದಿದ್ದ. ಸೊರಗಿದ್ದ.

"ಮಾರಪ್ಪ, ಚೆನ್ನಾಗಿದೀಯೇನಪ?"

"ನೀವು ಇಟ್ಟಂಗೆ ಇದೀನಿ ಸಾವ್ಕಾರ್ರೇ."

"ಆದದ್ದಾತು, ಬಿಡು." ಶಿವಮೂರ್ತಪ್ಪ ಆಚೀಚೆ ನೋಡಿ ದನಿ ತಗ್ಗಿಸಿದ. "ನಂಗೊಂದು ಕೆಲ್ಸ ಆಗ್ಬೇಕು. ನನ್ನ ತಮ್ಮ ಏನೋ ಕಸರತ್ತು ಮಾಡ್ಯಾನೆ. ಮೊದ್ಲು ಅವನ ಮಾತು ನಂಗೆ... ಗೊತ್ತಾಗ್ತಿತ್ತು. ಈಗ ಏನೂ ಗೊತ್ತಾಗ್ತಿಲ್ಲ. ಅವನ ಲೈನು ನೀನು ಕೇಳಿ ಹೇಳ್ಬೇಕು. ನಿನ್ನ ಕೈ ಬಿಸಿ ಮಾಡ್ತೀನಿ."

ಮಾರಪ್ಪ ಹೆಗಲ ಚೀಲವನ್ನು ಕೆಳಗಿಟ್ಟ. ಯಾವ ಬಾಯಿಂದ ತನ್ನನ್ನು ಕಳ್ಳಕಿವಿಯವನು ಅಂದಿದ್ದನೋ ಅದೇ ಬಾಯಿಂದ ಈ ಮಾತು. ಇಕ್ಕಳ ಹಿಡಿದ ಅವನ ಬೆರಳು ಬೆಳ್ಳಗಾಗಿತ್ತು. ಅವನು ಮೆತ್ತಗೆ ಕೇಳಿದ.

"ನಾನಿರೋದು ಹರಿಹರದಾಗೆ. ನಿಮ್ಮ ತಮ್ಮನ ತಂತಿ ಇರೋದು ಪಿ.ಜೆ. ಬಡಾವಣ್ಯಾಗೆ. ಇಲ್ಲಿಂದ ಹೆಂಗೆ ಕೇಳ್ಲಿ?"

"ಅಲ್ಲಿಗೇ ಹಾಕ್ಸಿಕೊ."

"ಹೆಂಗೆ ಹಾಕ್ಸಿಕೊಳ್ಲಿ? ನಿಮ್ಮ ಕಾಗದ ನನ್ನ ಫೈಲಿನಾಗೆ ಕೂತೈತೆ. ಅದಿರೋತನ ನಾನು ಆ ಬೀದಿಗೆ ಕಾಲಿಡಾಂಗಿಲ್ಲ."

ಶಿವಮೂರ್ತಪ್ಪ ಅವನನ್ನು ದಿಟ್ಟಿಸಿದ. ಹೊಳೆಯ ಕಡೆ ನೋಡಿದ. ಆರು ವರ್ಷದಿಂದ ಕುದಿಯುತ್ತಿದ್ದ ಹೊಟ್ಟೆ ಅದು, ಬುದ್ಧಿಯನ್ನು ಯಾವಾಗಲೋ ಬೇಯಿಸಿ ತಿಂದಿತ್ತು. ಕಾರಿನಿಂದ ಲೆಟರ್‌ಹೆಡ್ಡು ತೆಗೆದು, "ಏನಂತ ಬರೀಬೇಕು, ಹೇಳು" ಅಂದ.

ಮಾರಪ್ಪ ಹೇಳಿದ, ಸಾಹುಕಾರ ಕಾರಿನ ಬಾನೆಟ್ಟಿನ ಮೇಲೆ ಬಗ್ಗಿ ಬರೆದ. ಲೈನ್‌ಮನ್ ಮಾರಪ್ಪ ನಮ್ಮ ಮಾತನ್ನು ಎಂದೂ ಕೇಳಿದವರಲ್ಲ. ನಾವು ಕೊಟ್ಟ ದೂರು ಸುಳ್ಳು, ಸಿಟ್ಟಿನಲ್ಲಿ ಕೊಟ್ಟದ್ದು. ಅವರು ಕೇಳುವಂಥ ಮನುಷ್ಯರೇ ಅಲ್ಲ. ಕೊನೆಯ ಸಾಲು ಬರೆಯುವಾಗ ಪೆನ್ನು ಒಂದು ಸಲ ನಿಂತಿತು, ಆಮೇಲೆ ಮುಂದೆ ಹೋಯಿತು. ಮಾರಪ್ಪ ಕಾಗದವನ್ನು ಗಾಳಿಯಲ್ಲಿ ಆಡಿಸಿ ಶಾಯಿ ಒಣಗಿಸಿದ.

"ಮರೀಬ್ಯಾಡ ಮತ್ತೆ," ಅಂದ ಶಿವಮೂರ್ತಪ್ಪ.

"ನಾನು ಏನನ್ನೂ ಮರೆಯೋನಲ್ಲ ಸಾವ್ಕಾರ್ರೇ."

ಪಂಚಾಕ್ಷರಪ್ಪ ಸಾಹೇಬರು ಆಗಲೇ ನಿವೃತ್ತರಾಗಿ ಹೊಸಬರು ಬಂದಿದ್ದರು. ದೂರು ಕೊಟ್ಟವನೇ ಸುಳ್ಳೆಂದು ಬರೆದುಕೊಟ್ಟ ಮೇಲೆ ಅವರಿಗೆ ಯೋಚಿಸುವಂಥದ್ದು ಏನೂ ಇರಲಿಲ್ಲ. ಸಂಕ್ರಾಂತಿ ಮುಗಿದ ವಾರದಲ್ಲಿ ಮಾರಪ್ಪನ ಹೆಸರು ಪಟ್ಟಿಗೆ ವಾಪಸ್ಸು ಸೇರಿತು, ಅವನು ಪಿ.ಜೆ. ಬಡಾವಣೆಗೆ ವಾಪಸ್ಸು ಬಂದ. ಹನುಮಕ್ಕ ಆರ್ಡರನ್ನು ಎರಡು ಸಲ ಓದಿಸಿಕೊಂಡು ಕೇಳಿದಳು, ಆ ಬೆಳಿಗ್ಗೆ ರೊಟ್ಟಿಗೆ ಬೆಣ್ಣೆ ಹಾಕಿದಳು.

ಅವನು ಬಂದ ಮೊದಲ ದಿನವೇ ಶಿವಮೂರ್ತಪ್ಪ ಗೇಟಿನಲ್ಲಿ ಕಾಯುತ್ತಿದ್ದ. ಕಂಪೌಂಡ್ ಗೋಡೆಯ ಪೆಟ್ಟಿಗೆಯ ಹತ್ತಿರ ತಾನೇ ನಡೆದುಬಂದು, "ಹೂಂ, ಹಾಕು" ಎಂದು ಪಿಸುಗುಟ್ಟಿದ.

ಮಾರಪ್ಪ ಪೆಟ್ಟಿಗೆ ತೆರೆದ. ಟೆಸ್ಟಿಂಗ್ ಫೋನಿನ ಕ್ಲಿಪ್ಪು ಹಾಕಿದ. ತನ್ನ ಕಿವಿಗೆ ಇಟ್ಟು ಒಮ್ಮೆ ನೋಡಿ, ಫೋನನ್ನು ಸಾಹುಕಾರನ ಕೈಗೆ ಕೊಟ್ಟ. ಶಿವಮೂರ್ತಪ್ಪ ಗಬಕ್ಕನೆ ಕಸಿದು ಕಿವಿಗೆ ಒತ್ತಿಕೊಂಡ. ಕಣ್ಣು ಕಿರಿದು ಮಾಡಿ ಆಲಿಸಿದ.

"ಏನೂ ಇಲ್ಲಲ್ಲೋ. ಕುಂಯ್ ಅಂತೈತೆ."

"ಅದೇ."

"ಯಾರ ಲೈನಿದು?"

"ನಿಮ್ದೇ. ಇಪ್ಪತ್ತೆರಡು ವರ್ಷ ನಿಮ್ಮನಿ ಲೈನಾಗೆ ನಾನು ಕೇಳಿದ್ದು ಇಷ್ಟೇ ಸಾವ್ಕಾರ್ರೇ. ಇದಕ್ಕೇ ನನ್ನ ಹರಿಹರಕ್ಕೆ ಕಳಿಸಿದ್ರಿ."

ಶಿವಮೂರ್ತಪ್ಪನ ಮುಖಕ್ಕೆ ರಕ್ತ ನುಗ್ಗಿತು. "ಲೇ, ಆಟ ಆಡ್ತೀಯೇನು ನನ್ನ ಕೂಡ? ಇವತ್ತೇ ಬರ್ದು ಹಾಕ್ತೀನಿ ನಿನ್ನ ಮೇಲೆ."

"ಏನಂತ ಬರೀತೀರಿ? ತಮ್ಮನ ಮಾತು ಕದ್ದು ಕೇಳು ಅಂದ್ರೆ ಕೇಳ್ಲಿಲ್ಲ ಅಂತಲೇನು? ಬರೀರಿ. ಈ ಮನುಷ್ಯ ಕೇಳೋನೇ ಅಲ್ಲ ಅಂತ ನಿಮ್ಮ ಕೈಯಾರೆ ಬರ್ದಿದ್ದು ಆಫೀಸಿನಾಗೆ ಐತೆ. ಅದರ ಪಕ್ಕಕ್ಕೇ ಇದನ್ನೂ ಇಡ್ತಾರೆ."

ಗೋಡೆಯ ಆಚೆ ಅನ್ನಪೂರ್ಣಮ್ಮ ಮೊರ ಹಿಡಿದು ಜಗಲಿಗೆ ಬಂದು ನಿಂತಿದ್ದಳು. ಶಿವಮೂರ್ತಪ್ಪನ ಕಣ್ಣು ಆಕೆಯ ಮೇಲೆ ಬಿತ್ತು. ಫೋನು ಇನ್ನೂ ಅವನ ಕಿವಿಯಲ್ಲೇ ಇತ್ತು, ಕೆಳಗಿಳಿಸಬೇಕೆಂಬುದೇ ಅವನಿಗೆ ತೋಚಿರಲಿಲ್ಲ.

ಮಾರಪ್ಪ ಕೈ ಚಾಚಿದ. "ಸಾಕು, ಕೊಡ್ರಿ. ನಂಗಿನ್ನೂ ನಾಕು ಮನಿ ಐತೆ."